ಗೋಡೆಗೆ ತಟ್ಟಿದ ಸೌತೆಬೀಜ

ಹೋದ ವರ್ಷ ಶಿವರಾತ್ರಿಗೆ ಮುಂಚೆ ಹೊಸಕೋಟೆಯ ಬಸ್ ಸ್ಟ್ಯಾಂಡಿನ ಹಿಂದಿರುವ ಬೀಜದ ಅಂಗಡಿಗೆ ಹೋಗಿದ್ದೆ. ತಾರಸಿಯ ಕುಂಡಗಳಲ್ಲಿ ಏನಾದರೂ ಹಾಕೋಣ ಅನ್ನುವ ಚಪಲ, ಅಷ್ಟೇ. ಸೌತೆಬೀಜ ಕೊಡಪ್ಪ ಅಂದೆ. ಅಂಗಡಿಯ ಹುಡುಗ ಮಿರಮಿರ ಮಿಂಚುವ ಪೊಟ್ಟಣವೊಂದನ್ನು ಮುಂದಿಟ್ಟ. ಅಲ್ಲೇ ಹರಿದು ಅಂಗೈಗೆ ಸುರಿದುಕೊಂಡೆ. ಬೀಜಕ್ಕೆಲ್ಲ ಗುಲಾಬಿ ಬಣ್ಣ ಬಳಿದಿದ್ದರು, ಮೂಸಿದರೆ ಔಷಧಿಯ ಘಾಟು. ಬಾಯಿಗೆ ಹಾಕಿಕೊಳ್ಳಬೇಡಿ, ವಿಷ, ಅಂತ ಆ ಹುಡುಗ ಎಚ್ಚರಿಸಿದ. ಬೀಜವನ್ನು ವಿಷ ಅನ್ನುವ ಕಾಲವೂ ಬಂತಲ್ಲಪ್ಪ ಅಂದುಕೊಳ್ಳುತ್ತಾ ನಿಂತಿದ್ದೆ ನೋಡಿ, ಆಗ ನೆನಪಿನಿಂದ ಎದ್ದು ಬಂತು ಇನ್ನೊಂದು ವಾಸನೆ. ಒಣಸಗಣಿ, ಒಲೆಯ ಬೂದಿ, ಹೊಗೆ, ಮೂರೂ ಕಲೆತು ಬೆಚ್ಚಗಾದ ವಾಸನೆ. ಜಡಿಗೇನಹಳ್ಳಿಯ ಹತ್ತಿರ ನಮ್ಮ ಹಳೆಯ ಮನೆಯ ಅಡುಗೆಕೋಣೆಯ ವಾಸನೆ. ಅದನ್ನು ಸುವಾಸನೆ ಅಂದರೆ ನನ್ನ ಮೊಮ್ಮಕ್ಕಳು ಮೂಗು ಮುಚ್ಚಿಕೊಂಡಾರು. ನಿಮಗೆ ಅರ್ಥವಾಗುತ್ತದೆ ಅನ್ನುವ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಮ್ಮದು ದೊಡ್ಡ ಜಮೀನೇನಲ್ಲ. ಮನೆಯ ಹಿಂದೆ ರಾಗಿ ಹೊಲ, ಅದರ ಮಗ್ಗುಲಿಗೆ ಬಾವಿ, ಬಾವಿಯ ಸುತ್ತ ತರಕಾರಿ ತೋಟ. ತೋಟ ಅಂತ ನಾವು ಜಂಬದಿಂದ ಕರೆಯುತ್ತಿದ್ದೆವು, ನೋಡಿದವರು ಹಿತ್ತಲು ಅಂದರೂ ತಪ್ಪಿರಲಿಲ್ಲ. ಅರವತ್ತರ ದಶಕದ ಮಾತು. ನಮ್ಮ ಬಾವಿಗೆ ಇನ್ನೂ ಪಂಪು ಬಂದಿರಲಿಲ್ಲ, ಎತ್ತುಗಳೇ ಕಪಿಲೆ ಎಳೆದು ನೀರೆತ್ತುತ್ತಿದ್ದವು. ಸಂಕ್ರಾಂತಿ ಕಳೆದು ರಾಗಿಯ ಕಣ ಮುಗಿಯಿತೆಂದರೆ ಮನೆಮಂದಿಯೆಲ್ಲ ತೋಟಕ್ಕೆ ಇಳಿಯುವುದು. ಬೆಳಗಿನ ಚಳಿ ಇನ್ನೂ ಅಂಗಾಲಿಗೆ ತಗಲುತ್ತಿರುವಾಗಲೇ ಅಪ್ಪ ಕೆಮ್ಮಣ್ಣು ಅಗೆದು, ಹೆಂಟೆ ಒಡೆದು, ಮಡಿ ಕಟ್ಟುತ್ತಿದ್ದರು. ಹಿಂದೆಯೇ ಅಪ್ಪನ ತಾಯಿ, ನನ್ನ ಅಜ್ಜಿ, ತಿಪ್ಪೆಗೊಬ್ಬರವನ್ನು ಬೊಗಸೆ ಬೊಗಸೆಯಾಗಿ ಹಾಕುತ್ತಾ ಬರುತ್ತಿದ್ದಳು. ಬಾವಿಯ ಮೊದಲ ನೀರು ಕಾಲುವೆಯಲ್ಲಿ ನೊರೆ, ತರಗೆಲೆ, ಗಾಬರಿಬಿದ್ದ ಇರುವೆಗಳನ್ನೆಲ್ಲ ತಳ್ಳಿಕೊಂಡು ಬರುವುದನ್ನು ನೋಡುತ್ತಾ ನಾನು ಅದರ ಮುಂದೆ ಮುಂದೆ ಓಡುತ್ತಿದ್ದೆ. ಒಣಮಣ್ಣು ನೀರು ಕುಡಿಯುವಾಗ ಸಣ್ಣಗೆ ಸದ್ದು ಮಾಡುತ್ತದೆ, ಕೇಳಿದ್ದೀರಾ? ಬದನೆ, ಬೆಂಡೆ, ದಂಟು, ಹುರುಳಿಕಾಯಿ ಎಲ್ಲಕ್ಕೂ ಅದರದರ ಜಾಗ. ನೀರು ಎಲ್ಲಕ್ಕಿಂತ ಮೊದಲು ಮುಟ್ಟುವ, ಬಾವಿಯ ಪಕ್ಕದ ಮಡಿ ಮಾತ್ರ ಸೌತೆಗೆ. ಅದಕ್ಕೆ ಅಜ್ಜಿಯ ಮಡಿ ಅಂತಲೇ ಹೆಸರು, ಅಪ್ಪನೂ ಅದರೊಳಗೆ ಕಾಲಿಡುವ ಮುಂಚೆ ಕೇಳುತ್ತಿದ್ದರು.

ಆ ಸೌತೆಯ ಬೀಜ ಅಜ್ಜಿ ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಕ್ಕಿಯ ಜೊತೆ ಹಾಕಿ ಕಳಿಸಿದ್ದು. ಆಮೇಲೆ ಆ ತವರುಮನೆಯೇ ಅಳಿದುಹೋಯಿತು, ಬೀಜ ಉಳಿಯಿತು. ಪ್ರತಿವರ್ಷ ಒಂದೆರಡು ಕಾಯಿಗಳನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಹಳದಿ ತಿರುಗಿದ ಮೇಲೆ ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಕಲೆಸಿ, ಅಡುಗೆಕೋಣೆಯಲ್ಲಿ ಒಲೆಯ ಮೇಲುಭಾಗದ ಗೋಡೆಗೆ ಅಂಗೈಯಗಲ ತಟ್ಟಿಬಿಡುತ್ತಿದ್ದಳು. ಮುಂದಿನ ಶಿವರಾತ್ರಿಯವರೆಗೂ ಹೊಗೆ ಕುಡಿಯುತ್ತಾ ಅದು ಅಲ್ಲೇ ಇರುತ್ತಿತ್ತು. ಹುಳ ಮುಟ್ಟುತ್ತಿರಲಿಲ್ಲ, ಇಲಿ ಮೂಸುತ್ತಿರಲಿಲ್ಲ. ಆ ಬೀಜದ ವಿಷಯದಲ್ಲಿ ಅಜ್ಜಿಯದು ಕಟ್ಟುನಿಟ್ಟು. ಅದು ಹೆಣ್ಣುಮಕ್ಕಳ ಆಸ್ತಿ. ಮದುವೆಯಾಗಿ ಹೋಗುವ ಮಗಳ ಮಡಿಲಿಗೆ ಹಾಕಬೇಕೇ ಹೊರತು ಬೇರೆ ಯಾರಿಗೂ ಕೊಡಬಾರದು. ಒಂದು ಸಲ ಮಗಳ ಮಡಿಲಿಗೆ ಹಾಕಿದ್ದನ್ನು ಏನೇ ಆದರೂ ವಾಪಸು ಕೇಳಬಾರದು, ಕೇಳಿದರೆ ಅವಳ ಮನೆಯ ಹಸಿರನ್ನೇ ಕಿತ್ತುಕೊಂಡ ಹಾಗೆ.

ಹಾಗೆ ಬೀಜ ಕೊಂಡೊಯ್ದ ಮಗಳು ಅಂದರೆ ನನ್ನ ಸೋದರತ್ತೆ ಗೌರತ್ತೆ. ಬೂದಿಗೆರೆಗೆ ಕೊಟ್ಟಿತ್ತು. ತಾತ ತೀರಿಕೊಂಡ ದಿನ ಅವಳು ಬಸ್ಸು ತಪ್ಪಿ, ಕೆರೆ ಏರಿಯ ಮೇಲೆ ಅಳುತ್ತಾ ಓಡಿಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು, ಬಂದವರಿಗೆ ಎಲೆ ಹಾಕಿತ್ತು. ಅಜ್ಜಿ ದುಃಖದಲ್ಲಿ ಏನು ಹೇಳುತ್ತಿದ್ದೇನೆಂದು ಗೊತ್ತಿಲ್ಲದೆ, ಊಟದ ಹೊತ್ತಿಗೆ ಸರಿಯಾಗಿ ಬಂದೆಯಲ್ಲ ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೌರತ್ತೆ ಹೊಸ್ತಿಲು ದಾಟದೆ, ಒಂದು ತೊಟ್ಟು ನೀರು ಕುಡಿಯದೆ ಹಿಂತಿರುಗಿ ಹೋದವಳು ಮತ್ತೆ ಬರಲಿಲ್ಲ. ಅಜ್ಜಿ ಕರೆಯಲಿಲ್ಲ. ಹಬ್ಬಕ್ಕೆ ಅಪ್ಪ ಕರೆಯಲು ಹೋದರೆ ಕಾಫಿ ಕೊಟ್ಟು ಕಳಿಸುತ್ತಿದ್ದಳಂತೆ. ಇಬ್ಬರೂ ಒಂದೇ ಅಚ್ಚಿನಲ್ಲಿ ಎರೆದ ಹಠಮಾರಿಗಳು.

ನಾನು ಹೇಳಹೊರಟ ವರ್ಷ ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯ ಕೆಲಸವೆಲ್ಲ ಹೊಸದಾಗಿ ಬಂದಿದ್ದ ಚಿಕ್ಕಮ್ಮನ ತಲೆಯ ಮೇಲೆ ಬಿದ್ದಿತ್ತು. ಹೆಸರು ಸರೋಜ, ಹಲಸೂರಿನ ವಠಾರದಲ್ಲಿ ಬೆಳೆದವಳು. ಚಿಕ್ಕಪ್ಪ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ಶನಿವಾರ ಶನಿವಾರ ಬಂದುಹೋಗುತ್ತಿದ್ದ. ಪಾಪ, ಚಿಕ್ಕಮ್ಮನಿಗೆ ತರಕಾರಿ ಅಂದರೆ ತಳ್ಳುಗಾಡಿಯಲ್ಲಿ ಬರುವುದು, ಸಗಣಿ ಅಂದರೆ ಬೆರಣಿ, ಬೆರಣಿ ಅಂದರೆ ಒಲೆಗೆ. ಶಿವರಾತ್ರಿಗೆ ಮುಂಚೆ ಅಜ್ಜಿಯೇ ಅವಳಿಗೆ, ಒಳಗಿನ ಗೋಡೆಯ ಮೇಲಿರುವುದನ್ನೆಲ್ಲ ಕೆರೆದು ಸುಣ್ಣ ಬಳಿದುಬಿಡು ಅಂತ ಹೇಳಿ ತೋಟಕ್ಕೆ ಹೋದಳು. ಬೀಜದ ಬಿಲ್ಲೆ ಬಿಟ್ಟು ಅಂತ ಹೇಳಬೇಕೆಂದು ಅಜ್ಜಿಗೆ ಹೊಳೆಯಲಿಲ್ಲ. ಉಸಿರಾಡು ಅಂತ ಯಾರಾದರೂ ಹೇಳಿಕೊಡುತ್ತಾರಾ? ಚಿಕ್ಕಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಗೋಡೆಗೆ ಅಂಟಿದ್ದ ಒಣ ಬಿಲ್ಲೆಗಳನ್ನು ಕೆರೆದು, ಯಾವುದೂ ದಂಡವಾಗಬಾರದೆಂದು ಸ್ನಾನದ ಹಂಡೆಯ ಒಲೆಗೆ ಒಟ್ಟಿದಳು. ನಾನು ಅಲ್ಲೇ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದೆ. ಒಲೆಯಲ್ಲಿ ಚಟಚಟ ಅಂತ ಸದ್ದಾಯಿತು. ತೋಟದಿಂದ ಬಂದ ಅಜ್ಜಿ ಆ ಸದ್ದು ಕೇಳಿ ಬಾಗಿಲಲ್ಲೇ ನಿಂತಳು. ಬಿಳಿ ಗೋಡೆ ನೋಡಿದಳು, ಒಲೆ ನೋಡಿದಳು, ಚಿಕ್ಕಮ್ಮನ ಕೈಯ ಸುಣ್ಣದ ಕುಂಚ ನೋಡಿದಳು. ಗೋಡೆ ಚೆನ್ನಾಗಿ ಬಳಿದಿದ್ದೀಯ ಅಂದು ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ಆಗಿದ್ದೇನೆಂದು ಚಿಕ್ಕಮ್ಮನಿಗೆ ಗೊತ್ತಾದದ್ದು ಅಪ್ಪನಿಂದ. ಅಂದಿನಿಂದ ಅವಳ ಮುಖದ ಕಳೆಯೇ ಹೋಯಿತು. ಅಜ್ಜಿ ಬೈಯಲಿಲ್ಲ. ಅಕ್ಕಪಕ್ಕದವರು ಬೇರೆ ಸೌತೆಬೀಜ ತಂದುಕೊಟ್ಟರೆ ಬೇಡವೆಂದಳು. ಉಳಿದ ಮಡಿಗಳಿಗೆಲ್ಲ ಬೀಜ ಬಿತ್ತು, ಬಾವಿಯ ಪಕ್ಕದ ಮಡಿ ಗೊಬ್ಬರ ತಿಂದು ಬರಿದಾಗಿ ಮಲಗಿತ್ತು. ಅಜ್ಜಿ ಅದಕ್ಕೂ ದಿನಾ ನೀರು ಬಿಡುತ್ತಿದ್ದಳು, ಅದನ್ನು ನೋಡುವುದು ಅಳುವುದಕ್ಕಿಂತ ಕಷ್ಟವಾಗಿತ್ತು. ಸೊಸೆಯ ಹತ್ತಿರ ಮಾತು ಮಾತ್ರ ನೆಂಟರ ಹತ್ತಿರ ಆಡುವ ಹಾಗೆ: ಊಟ ಆಯಿತೇನಮ್ಮ, ದಣಿದಿದ್ದೀಯ ಕೂತುಕೋಮ್ಮ. ಒಂದು ದಿನ ಬಾವಿಯ ಕಟ್ಟೆಯಲ್ಲಿ ಪಾತ್ರೆ ಬೆಳಗುತ್ತಾ ಚಿಕ್ಕಮ್ಮ ಕೈ ನಿಲ್ಲಿಸಿದಳು.

'ಬೈದುಬಿಟ್ಟಿದ್ರೆ ನಾನು ಈ ಮನೆಯವಳು ಅನ್ನಿಸ್ತಿತ್ತು ಕಣೆ,' ಅಂದಳು. 'ನೆಂಟ್ರನ್ನ ಯಾರು ಬೈತಾರೆ ಹೇಳು.'

ನನಗಾಗ ಹತ್ತು ವರ್ಷವಿದ್ದೀತು. ಅಷ್ಟೂ ಅರ್ಥವಾಗದಿದ್ದರೂ ಅವಳು ಗಂಟು ಕಟ್ಟಿಕೊಂಡು ಹಲಸೂರಿಗೆ ಹೊರಟುಬಿಟ್ಟರೆ ಅಂತ ನನಗೆ ಹೆದರಿಕೆಯಾಯಿತು. ನನ್ನ ಜಡೆಗೆ ಪ್ರೀತಿಯಿಂದ ಕನಕಾಂಬರ ಮುಡಿಸುತ್ತಿದ್ದವಳು ಅವಳೊಬ್ಬಳೇ. ಗೌರತ್ತೆಯ ಹತ್ತಿರ ಅದೇ ಬೀಜ ಇದೆ, ಆದರೆ ಕೇಳುವ ಹಾಗಿಲ್ಲ ಅಂದೆ. ಯಾರು ಕೇಳುವ ಹಾಗಿಲ್ಲ ಅಂದಳು. ಅಜ್ಜಿ ಅಂದೆ. ನಾನು ಕೇಳಬಹುದಲ್ಲ ಅಂದವಳೇ ಪಾತ್ರೆ ಕವುಚಿ ಹಾಕಿ ಎದ್ದಳು. ಮಾರನೆಯ ದಿನ ಅಪ್ಪನಿಗೊಬ್ಬರಿಗೇ ವಿಷಯ ತಿಳಿಸಿದಳು. ಅಪ್ಪ ಆಚೆ ಈಚೆ ನೋಡಿ, ನನಗೇನೂ ಕೇಳಿಸಲಿಲ್ಲ, ಹೊಸಕೋಟೆ ಬಸ್ಸು ಇನ್ನೇನು ಬರುತ್ತದೆ ಅಂದರು. ಅಪ್ಪನ ಧೈರ್ಯ ಯಾವಾಗಲೂ ಅಷ್ಟೇ.

ನಾನೂ ಚಿಕ್ಕಮ್ಮನೂ ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸಿ, ಬೂದಿಗೆರೆಯಲ್ಲಿ ಇಳಿದು, ಬೇಲಿಯ ದಾರಿಯಲ್ಲಿ ನಡೆದು ಗೌರತ್ತೆಯ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅತ್ತೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಅಂಗಳ ದಾಟುತ್ತಿದ್ದಳು. ನನ್ನನ್ನು ನೋಡಿದಳು. ನನ್ನ ಪಕ್ಕದಲ್ಲಿ, ಬಾಡಿದ ಮುಖದ, ಅತ್ತು ಕಣ್ಣು ಕೆಂಪಾದ ಹೊಸ ಸೊಸೆಯನ್ನು ನೋಡಿದಳು. ತವರಿನಿಂದ ಹೇಳದೆ ಕೇಳದೆ ಜನ ಬರುವುದು ಯಾತಕ್ಕೆ ಅಂತ ಆ ಕಾಲದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿತ್ತು. ಕೊಡ ಕೈಜಾರಿ ಬಿತ್ತು. ಅತ್ತೆ ಹೊಸ್ತಿಲ ಮೇಲೆ ಕುಸಿದಳು.

'ಯಾವಾಗ ಹೋದ್ಲು?' ಅಂದಳು.

ಚಿಕ್ಕಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಕೂಡಲೇ ಓಡಿಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಇಲ್ಲ, ಇಲ್ಲ, ಗಟ್ಟಿಮುಟ್ಟಾಗಿದ್ದಾರೆ, ಈಗಲೂ ತೋಟದಲ್ಲಿದ್ದಾರೆ, ನಾನೇ ಸೌತೆಬೀಜ ಸುಟ್ಟುಹಾಕಿಬಿಟ್ಟೆ, ಅದಕ್ಕೇ ಬಂದೆ ಅಂತ ಒಂದೇ ಉಸಿರಿಗೆ ಹೇಳಿದಳು. ಅತ್ತೆ ಅವಳನ್ನು ಮಿಕಮಿಕ ನೋಡಿದಳು. ಆಮೇಲೆ ಅವಳ ಬೆನ್ನಿಗೆ ಫಟೀರೆಂದು ಒಂದು ಏಟು ಹಾಕಿದಳು, ಹಾಕಿದ ಕೈಯಲ್ಲೇ ತಬ್ಬಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ನಾನು ಉರುಳಿಹೋದ ಕೊಡವನ್ನು ಎತ್ತಿ ನಿಲ್ಲಿಸಿದೆ.

ಊಟಕ್ಕೆ ಬಡಿಸುವಾಗ ಅತ್ತೆ ಸೌಟು ಹಿಡಿದೇ ಮಾತಾಡಿದಳು. 'ಇವತ್ತು ಅದೇ ಸುದ್ದಿ ಆಗಿದ್ದಿದ್ರೆ ನಾನು ಇನ್ನೊಂದ್ಸಲ ತಡವಾಗಿ ಹೋಗ್ತಿದ್ದೆ ಕಣಮ್ಮ. ಅಪ್ಪನಿಗೂ ತಡ, ಅವ್ವನಿಗೂ ತಡ.' ಚಿಕ್ಕಮ್ಮ ಮೆಲ್ಲಗೆ ಬೀಜ ಕೇಳಿದಳು. ಅತ್ತೆ ಇಲ್ಲವೆಂದು ತಲೆಯಾಡಿಸಿದಳು. 'ಬೀಜ ನಿನ್ನ ಕೈಗೆ ಕೊಡಾಕಿಲ್ಲ. ಕೊಟ್ರೆ ಅವ್ವ ಮುಟ್ಟಾಕಿಲ್ಲ. ನಾನೇ ಬಂದು ಊರ್ತೀನಿ, ಅದು ಹೆಂಗೆ ಬೇಡ ಅಂತಾಳೋ ನೋಡೋಣ.' ಅಂದು ರಾತ್ರಿ ಅಲ್ಲೇ ಉಳಿದೆವು. ಅತ್ತೆ ತನ್ನ ಗೋಡೆಯ ಬಿಲ್ಲೆಗಳನ್ನು ಬಿಡಿಸಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬೀಜ ಆರಿಸಿ ಒದ್ದೆಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇತ್ತ ನಮ್ಮ ಮನೆಯಲ್ಲಿ ಸೊಸೆ ಎಲ್ಲಿ, ಮಗು ಎಲ್ಲಿ ಅಂತ ಅಜ್ಜಿ ಕೇಳಿದಾಗಲೆಲ್ಲ ಅಪ್ಪ ಎತ್ತಿಗೆ ನೀರು ಕುಡಿಸಬೇಕು ಅಂತ ಎದ್ದುಹೋಗುತ್ತಿದ್ದರಂತೆ. ಆ ಒಂದು ದಿನ ಎತ್ತುಗಳು ಕುಡಿದಷ್ಟು ನೀರನ್ನು ಜನ್ಮದಲ್ಲಿ ಕುಡಿದಿರಲಾರವು.

ಗೌರತ್ತೆ ಊರಿಗೆ ಬಂದವಳು ಮನೆಯ ಕಡೆಗೆ ತಿರುಗಲಿಲ್ಲ. ನೇರ ತೋಟಕ್ಕೆ ನಡೆದಳು. ಅಜ್ಜಿ ಬರಿಮಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಾರದ ಕಳೆಯನ್ನು ಕೀಳುತ್ತಿದ್ದಳು. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮಡಿಯ ಆ ತುದಿಯಲ್ಲಿ ಮಂಡಿಯೂರಿ, ಬೆರಳಿನಿಂದ ಮೊದಲನೆಯ ಗುಳಿ ತೋಡಿದಳು. ಅಜ್ಜಿ ತಲೆಯೆತ್ತಿದಳು. ಹೊಂಗೆಮರದ ಹೊಸ ಚಿಗುರಿನ ಕೆಳಗೆ ನಾನೂ ಚಿಕ್ಕಮ್ಮನೂ ನಿಂತು ನೋಡುತ್ತಿದ್ದೆವು. ಕಪಿಲೆಯ ಗಾಲಿ ಕಿರಕಿರ ಅನ್ನುತ್ತಿತ್ತು.

'ಗುಳಿಗೆ ನಾಕ್ ಬೀಜ ಹಾಕು,' ಅಂದಳು ಅಜ್ಜಿ. 'ಮೂರು ಸಾಲ್ದು.'

'ಗೊತ್ತು ಕಣವ್ವ,' ಅಂದಳು ಅತ್ತೆ.

ಅಷ್ಟೇ. ಇಬ್ಬರೂ ಎರಡು ತುದಿಯಿಂದ ಬೀಜ ಊರುತ್ತಾ ಊರುತ್ತಾ ನಡುವೆ ಬಂದು ಸೇರಿದರು. ಸೇರಿದ ಮೇಲೆ ಅಜ್ಜಿ ಮಣ್ಣುಗೈಯಲ್ಲೇ ಮಗಳ ಗಲ್ಲ ಮುಟ್ಟಿದಳು, ಸೊರಗಿಹೋಗಿದ್ದೀಯಲ್ಲೇ ಅಂದಳು. ಅತ್ತೆಯೇನೂ ಸೊರಗಿರಲಿಲ್ಲ, ಕುಂಬಳಕಾಯಿಯ ಹಾಗೆ ಇದ್ದಳು. ಆದರೆ ಅಳು ಬಂದಾಗ ತಾಯಂದಿರು ಆಡುವ ಮಾತು ಅದೇ ಅಲ್ಲವೇ. ಆಮೇಲೆ ಅಜ್ಜಿ ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಹೊಂಗೆಮರದ ಕಡೆ ತಿರುಗಿದಳು.

'ಏನೇ ಸರೋಜ, ಇದನ್ನ ಮನೆ ಅಂದ್ಕಂಡಿದ್ದೀಯೋ ಛತ್ರ ಅಂದ್ಕಂಡಿದ್ದೀಯೋ? ಹೇಳ್ದೆ ಕೇಳ್ದೆ ಮಗೀನ ಕಟ್ಕಂಡು ಊರೂರು ಅಲೀತೀಯಲ್ಲ, ರಾತ್ರಿಯೆಲ್ಲ ನಾನು ಕಣ್ ಮುಚ್ಚಿದ್ರೆ ಕೇಳು. ಒಲೆ ತಣ್ಣಗೆ ಬಿದ್ದೈತೆ. ಹೋಗು, ಹೋಗಿ ಗೌರಿಗೆ ಮುದ್ದೆಗೆ ಎಸರಿಡು.'

ಚಿಕ್ಕಮ್ಮ ಓಡಿದಳು. ಓಡುತ್ತಾ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ನಾನು ಹಿಂದೆಯೇ ಹೋಗಿ ಯಾಕೆ ಅಳುತ್ತೀಯ, ಅಜ್ಜಿಯ ಬೈಗುಳವೆಲ್ಲ ಬಾಯಲ್ಲಿ ಮಾತ್ರ ಅಂತ ಸಮಾಧಾನ ಹೇಳಿದೆ. ಬೈದರಲ್ಲೇ, ಬೈದುಬಿಟ್ಟರಲ್ಲೇ ಅಂತ ಅವಳು ನನ್ನ ಕೆನ್ನೆ ಹಿಂಡಿದಳು. ಆ ದಿನದ ಮುದ್ದೆಯಲ್ಲಿ ಗಂಟೋ ಗಂಟು. ಅದಕ್ಕೂ ಬೈಸಿಕೊಂಡಳು, ಖುಷಿಯಾಗಿ.

ಮೊಳಕೆ ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡು ಎದ್ದಾಗ ಮೊದಲು ನೋಡಿದ್ದು ಚಿಕ್ಕಮ್ಮನೇ. ಆ ವಸಂತವಿಡೀ ಅವಳು ತೋಟದಲ್ಲೇ ಬಿದ್ದುಕೊಂಡಿದ್ದಳು. ಎಳೆಬಳ್ಳಿಗೆ ಕೆಂಪು ಹುಳ ಬಂದಾಗ ಇಬ್ಬನಿ ಆರುವ ಮುಂಚೆ ಎಲೆಯ ಮೇಲೆ ಬೂದಿ ಉದುರಿಸುವುದನ್ನು, ಬಳ್ಳಿ ಹಬ್ಬುವುದಕ್ಕೆ ಒಣಕಡ್ಡಿ ಹಾಸುವುದನ್ನು, ನೀರು ಬೇರಿಗೆ ಬಿಡಬೇಕೇ ಹೊರತು ಹೂವಿಗಲ್ಲ ಅನ್ನುವುದನ್ನು ಅಜ್ಜಿ ಹೇಳಿಕೊಟ್ಟಳು, ಒಂದೊಂದಕ್ಕೂ ಧಾರಾಳವಾಗಿ ಬೈಯುತ್ತಾ. ಯುಗಾದಿಗೆ ಬೇವಿನ ಹೂ ಬಿಟ್ಟಾಗ ಸೌತೆಯ ಹಳದಿ ಹೂವೂ ಮಡಿ ತುಂಬಿತ್ತು. ರಾಮನವಮಿಯ ಕೋಸಂಬರಿಗೆ ಮೊದಲ ಕಾಯಿ ಹೆಚ್ಚಿದಾಗ ಗೌರತ್ತೆ ಗಂಡ ಮಕ್ಕಳ ಸಮೇತ ಬಂದಿದ್ದಳು, ಅಮ್ಮನೂ ತಮ್ಮನನ್ನು ಎತ್ತಿಕೊಂಡು ವಾಪಸಾಗಿದ್ದಳು. ಬಿಸಿಲಿನಲ್ಲಿ ನಿಂತು ಆಗತಾನೇ ಕಿತ್ತ ಸೌತೆಕಾಯಿಯನ್ನು ಲಂಗಕ್ಕೆ ಒರೆಸಿ ಕಚ್ಚಿದಾಗ ಬಾಯಿ ತುಂಬುತ್ತಿದ್ದ ಆ ತಂಪು, ಅಯ್ಯೋ, ಅದನ್ನು ಬರೆದು ಹೇಳಲು ನನ್ನಿಂದಾಗದು.

ಬೀಜ ತೆಗೆಯುವ ದಿನ ಅಜ್ಜಿ ಸಗಣಿಯ ಬುಟ್ಟಿಯನ್ನು ಚಿಕ್ಕಮ್ಮನ ಮುಂದೆ ತಳ್ಳಿ, ನೀನು ತಟ್ಟು ಅಂದಳು. ಚಿಕ್ಕಮ್ಮ ಒಂದು ಬಿಲ್ಲೆ ನಮ್ಮ ಗೋಡೆಗೆ ತಟ್ಟಿದಳು. ಇನ್ನೊಂದಿಷ್ಟು ಬೀಜವನ್ನು ಎಲೆಯಲ್ಲಿ ಕಟ್ಟಿ ಪಕ್ಕದ ಮನೆಯವರಿಗೆ ಕೊಟ್ಟು ಬರುತ್ತೇನೆ ಅಂತ ಎದ್ದಳು. ಅಜ್ಜಿಯ ಮುಖ ಗಂಟಾಯಿತು. ಹೆಣ್ಣುಮಕ್ಕಳ ಮಡಿಲಿಗೆ ಬಿಟ್ಟು ಇನ್ನೆಲ್ಲಿಗೂ ಹೋಗದ ಬೀಜ ಇದು, ಗೊತ್ತಿಲ್ಲವಾ ಅಂದಳು. ಚಿಕ್ಕಮ್ಮ ಹೆದರುತ್ತಲೇ ಉತ್ತರ ಕೊಟ್ಟಳು.

'ಒಂದೇ ಗೋಡೆ ಮೇಲಿದ್ರೆ ಒಂದೇ ಬೆಂಕಿಗೆ ಹೋಗ್ಬಿಡತ್ತೆ, ಅತ್ತೆ. ನಾನು ನೋಡಿದೀನಲ್ಲ.'

ಅಜ್ಜಿ ಕೈಯ ಸಗಣಿಯನ್ನು ಬುಟ್ಟಿಯ ಅಂಚಿಗೆ ಒರೆಸಿದಳು. ಕೊನೆಗೆ, ಆ ಮನೆಯವಳು ನೀರು ಬಿಡೋದ್ರಲ್ಲಿ ಸೋಮಾರಿ, ಸರಿಯಾಗಿ ಹೇಳಿಕೊಡು ಅಂದಳು. ನಮ್ಮ ಅಜ್ಜಿ ಒಪ್ಪಿಗೆ ಕೊಡುವ ರೀತಿಯೇ ಹಾಗೆ.

ಎಪ್ಪತ್ತರ ದಶಕದಲ್ಲಿ ಅಜ್ಜಿ ಹೋದಳು. ಗೌರತ್ತೆ ಹಿಂದಿನ ದಿನವೇ ಬಂದು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಆ ಪುಣ್ಯ ಅವಳಿಗೆ ಸಿಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಬಾವಿ ಮುಚ್ಚಿ ಸೈಟು ಆಯಿತು. ಚಿಕ್ಕಮ್ಮ ಕೊನೆಗಾಲಕ್ಕೆ ಸೊಂಟ ಮುರಿದುಕೊಂಡು ಹೊಸಕೋಟೆಯಲ್ಲಿ ಮಗನ ಮನೆಯಲ್ಲಿದ್ದಳು, ಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಹಳೆಯ ಮನೆ ಕೆಡವಿದ ವರ್ಷವೇ ಆ ಬೀಜವೂ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ನನ್ನ ಮಡಿಲಿಗೆ ಹಾಕಿದ್ದನ್ನೂ ನಾನು ಉಳಿಸಿಕೊಂಡಿರಲಿಲ್ಲ, ನಮ್ಮ ನೆಂಟರಲ್ಲಿ ಯಾರ ಹತ್ತಿರವೂ ಉಳಿದಿರಲಿಲ್ಲ.

ಹೋದ ವರ್ಷ ಯುಗಾದಿ ಕಳೆದು ಚಿಕ್ಕಮ್ಮ ತೀರಿಕೊಂಡಳು. ತಿಥಿಯ ದಿನ ಎಡೆಗೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ. ಸೌತೆಕಾಯಿ ತರಲು ಅವಳ ಮಗ ಚೀಲ ಹಿಡಿದು ಹೊರಟಿದ್ದ. ಅಷ್ಟರಲ್ಲಿ ಹೆಂಗಸರು ಬರತೊಡಗಿದರು. ನಮ್ಮ ನೆಂಟರಲ್ಲ, ನಾನು ಮುಖ ಕಂಡವರಲ್ಲ. ಜಡಿಗೇನಹಳ್ಳಿ ಕಡೆಯವಳೊಬ್ಬಳು ಮುದುಕಿ, ಬೂದಿಗೆರೆಯಿಂದ ಇಬ್ಬರು, ಪಿಲ್ಲಗುಂಪೆಯ ಫ್ಯಾಕ್ಟರಿಗೆ ಹೋಗುವ ಒಂದು ಹುಡುಗಿ, ಕೊರಳಲ್ಲಿ ಇನ್ನೂ ಗುರುತಿನ ಕಾರ್ಡು ತೂಗುತ್ತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಚೀಲ, ಚೀಲದಲ್ಲಿ ಸೌತೆಕಾಯಿ. ಯಾರಮ್ಮ ನೀವು ಅಂತ ಕೇಳಿದೆ. ಯಾವುದೋ ಕಾಲದಲ್ಲಿ ಇವರು ಬೀಜ ಕೊಟ್ಟಿದ್ದರು ಅಂದಳು ಮುದುಕಿ. ನಮ್ಮಜ್ಜಿಗೆ ಕೊಟ್ಟಿದ್ದರಂತೆ ಅಂದಳು ಹುಡುಗಿ. ಚಿಕ್ಕಮ್ಮನ ಮಗ ಖಾಲಿ ಚೀಲ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ. ಒಂದು ಕಾಯಿ ಹೆಚ್ಚಿ ಬಾಯಿಗೆ ಹಾಕಿಕೊಂಡೆ. ಅದೇ.

ಊಟವಾಗಿ ಅವರೆಲ್ಲ ಹೊರಡುವಾಗ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, ನನಗೊಂದು ನಾಲ್ಕು ಬೀಜ ಕೊಡುತ್ತೀಯೇನಮ್ಮ ಅಂತ ಕೇಳಿದೆ. ತಡವರಿಸಿಯೇ ಕೇಳಿದೆ, ಚಿಕ್ಕಮ್ಮನೊಬ್ಬಳನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ ನೋಡಿ.

'ಅಷ್ಟ್ಯಾಕೆ ಸಂಕೋಚ ಆಂಟಿ,' ಅಂದಳು ಹುಡುಗಿ. 'ಯಾರು ಕೇಳಿದ್ರೂ ಇಲ್ಲ ಅನ್ಬಾರ್ದು ಅಂತ ಹೇಳೇ ಕೊಟ್ಟಿದ್ರಂತೆ ಅವ್ರು. ನಾಳೆ ಡ್ಯೂಟಿ ಮುಗಿಸ್ಕೊಂಡು ತರ್ತೀನಿ.'

ತಂದುಕೊಟ್ಟಳು.